ಹಿನ್ನೀರಿನ ಲಾಂಚ್ ಎಂಜಿನ್ನಿಗೆ ಏರ್ ಫಿಲ್ಟರ್: ಆರಿಸುವುದು, ಅಳೆಯುವುದು, ಕಾಪಾಡುವುದು

ಮಲ್ಪೆಯ ಕಡಲಿಗೆಂದು ತಯಾರಾದ ಡೀಸೆಲ್ ಎಂಜಿನ್ನನ್ನು ತಂದು ಶರಾವತಿ ಹಿನ್ನೀರಿನಲ್ಲಿ ಜನ, ವಾಹನ ದಾಟಿಸುವ ಲಾಂಚಿಗೆ ಕೂರಿಸಿದರೆ ಬೇರೆಲ್ಲ ಹೊಂದಿಕೊಂಡೀತು, ಏರ್ ಫಿಲ್ಟರ್ ಹೊಂದುವುದಿಲ್ಲ. ಕಡಲ ಮೇಲೆ ಧೂಳು ಕಡಿಮೆ. ಹಾಗಾಗಿ ಅಂಥ ಬಹಳಷ್ಟು ಎಂಜಿನ್ನುಗಳು ತೆಳು ಫೋಮ್ ಅಥವಾ ತಂತಿ ಜಾಲರಿಯ ಸೈಲೆನ್ಸರ್ ಹೊತ್ತು ಬರುತ್ತವೆ. ಗಾಳಿ ಎಳೆಯುವ ಸದ್ದು ತಗ್ಗಿಸುವುದು, ಎಣ್ಣೆಯ ಮಂಜನ್ನು ಹಿಡಿಯುವುದು ಅದರ ಮುಖ್ಯ ಕೆಲಸ. ನಮ್ಮ ಕಡವುಗಳಿಗೆ ಅದು ಸಾಲದು. ಲಿಂಗನಮಕ್ಕಿ ಅಣೆಕಟ್ಟಿನ ನೀರು ಇಳಿಯತೊಡಗಿದ ಮೇಲೆ, ಜನವರಿಯಿಂದ ಮೇ ಕೊನೆಯ ತನಕ, ಎರಡೂ ದಡದಲ್ಲಿ ಕೆಂಪು ನೆಲ ಬಯಲಾಗುತ್ತದೆ. ಜೀಪು, ಬೈಕು ಇಳಿದು ಹತ್ತುವಾಗ ಏಳುವ ಕೆಂಧೂಳು ಎಂಜಿನ್ ಓಡುತ್ತಲೇ ನಿಂತಿರುವ ಲಾಂಚಿನ ಗಾಳಿಬಾಯಿಗೆ ನೇರ ಹೋಗುತ್ತದೆ. ಜೂನ್ ಬಂತೆಂದರೆ ಅದೇ ಫಿಲ್ಟರಿಗೆ ನಾಲ್ಕು ತಿಂಗಳು ತೇವದ ಥಂಡಿ, ಬೂಷ್ಟು. ಎರಡು ಕಾಲಕ್ಕೂ ಒಗ್ಗುವ ಫಿಲ್ಟರನ್ನು ಆರಿಸಬೇಕು, ಅದು ಧೂಳು ತುಂಬಿ ಕಟ್ಟಿದೆಯೋ ಇಲ್ಲವೋ ಎಂಬುದನ್ನು ಕಣ್ಣಂದಾಜಿಗೆ ಬಿಡದೆ ಅಳೆದು ತಿಳಿಯಬೇಕು.

ಎಷ್ಟು ಗಾಳಿ ಬೇಕು

ಲೆಕ್ಕ ಸುಲಭ. ನಾಲ್ಕು ಸ್ಟ್ರೋಕಿನ ಎಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಹೊಟ್ಟೆ ತುಂಬಿಸಿಕೊಳ್ಳುತ್ತದೆ. 6 ಲೀಟರಿನ ಎಂಜಿನ್ 1800 ಆರ್‌ಪಿಎಂನಲ್ಲಿದ್ದರೆ (ನಿಮಿಷಕ್ಕೆ 1800 ಸುತ್ತು) 6 × 900, ಅಂದರೆ ನಿಮಿಷಕ್ಕೆ 5400 ಲೀಟರ್. ಪೂರ್ತಿ ತುಂಬುವುದಿಲ್ಲವಾದ್ದರಿಂದ 0.85ರಿಂದ ಗುಣಿಸಿ: ಸುಮಾರು 4600 ಲೀಟರ್, ಗಂಟೆಗೆ 275 ಘನ ಮೀಟರ್. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇದ್ದರೆ ಇದರ ಒಂದೂವರೆಯಿಂದ ಎರಡು ಪಟ್ಟು. ಫಿಲ್ಟರ್ ಕೊಳ್ಳುವಾಗ ಕ್ಯಾಟಲಾಗಿನಲ್ಲಿ ನೋಡಬೇಕಾದ್ದು ಈ ಅಂಕಿ. ಡಬ್ಬದ ಗಾತ್ರ ಆಮೇಲಿನ ಮಾತು.

ಸಿಕ್ಕ ಅಂಕಿಗಿಂತ ಒಂದು ಸೈಜು ದೊಡ್ಡದನ್ನೇ ತೆಗೆದುಕೊಳ್ಳಿ. ಲಾರಿಯ ಎಂಜಿನ್ ಘಾಟಿ ಹತ್ತುವಾಗ ಪೂರ್ತಿ ದುಡಿಯುತ್ತದೆ, ಇಳಿಜಾರಿನಲ್ಲಿ ಸುಧಾರಿಸಿಕೊಳ್ಳುತ್ತದೆ. ಲಾಂಚಿನ ಎಂಜಿನ್ನಿಗೆ ಇಳಿಜಾರಿಲ್ಲ. ದಡ ಬಿಟ್ಟಲ್ಲಿಂದ ದಡ ಮುಟ್ಟುವ ತನಕ ಒಂದೇ ಸಮನೆ ಭಾರ ಎಳೆಯುತ್ತದೆ. ಅದೇ ಎಂಜಿನ್ನಿನ ಲಾರಿ ಮಾದರಿಗೆ ಸಾಕಾದ ಫಿಲ್ಟರ್ ಲಾಂಚಿನಲ್ಲಿ ಬೇಗ ಕಟ್ಟುವುದು ಇದಕ್ಕೇ. ಇನ್ನೊಂದು ಕಾರಣ ನಮ್ಮ ಊರಿನ ಎತ್ತರ. ಲಿಂಗನಮಕ್ಕಿ ತುಂಬಿದಾಗಿನ ನೀರಿನ ಮಟ್ಟ ಸಮುದ್ರಮಟ್ಟದಿಂದ 1819 ಅಡಿ, ಸುಮಾರು 554 ಮೀಟರ್. ಅಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಸುಮಾರು 6 ಶೇಕಡ ಕಡಿಮೆ. ಟರ್ಬೊ ಇಲ್ಲದ ಎಂಜಿನ್ನಿಗೆ ಆಮ್ಲಜನಕದಲ್ಲಿ ಅಷ್ಟು ಕೊರತೆ ಮೊದಲೇ ಇದೆ. ಅದರ ಮೇಲೆ ಕಟ್ಟಿದ ಫಿಲ್ಟರೂ ಸೇರಿದರೆ ಕಪ್ಪು ಹೊಗೆ ಕಡಲ ಮೇಲಿಗಿಂತ ಬೇಗ ಕಾಣಿಸಿಕೊಳ್ಳುತ್ತದೆ.

ಪೈಪಿನ ವಿಷಯದಲ್ಲಿ ಜಿಪುಣತನ ಬೇಡ. 4 ಇಂಚಿನ ಜಾಗದಲ್ಲಿ 3 ಇಂಚಿನ ಪೈಪು ಹಾಕಿದರೆ ಗಾಳಿಯ ವೇಗ 1.8 ಪಟ್ಟಾಗುತ್ತದೆ, ಅದು ಎದುರಿಸುವ ತಡೆ ಮೂರು ಪಟ್ಟು ಮೀರುತ್ತದೆ. ಹೊಸ ಫಿಲ್ಟರ್ ಹಾಕಿದರೂ ಹೊಗೆ ಹೋಗದಿದ್ದಾಗ ಎಷ್ಟೋ ಸಲ ತಪ್ಪು ಇಲ್ಲಿರುತ್ತದೆ.

ಯಾವ ಬಗೆ

ಹಿನ್ನೀರಿನ ವಾಹನದ ಲಾಂಚಿಗೆ ನಮ್ಮ ಆಯ್ಕೆ ಎರಡು ಎಲಿಮೆಂಟಿನ (ಡಬ್ಬದೊಳಗೆ ಕೂತು ಧೂಳು ಸೋಸುವ ಭಾಗ) ಒಣ ಪೇಪರ್ ಫಿಲ್ಟರ್: ಹೊರಗೆ ಮಡಿಕೆ ಕಾಗದದ ದೊಡ್ಡದು, ಒಳಗೆ ಕಾವಲಿಗೆ ಸಣ್ಣದು. ಒಳ್ಳೆಯ ಪೇಪರ್ ಎಲಿಮೆಂಟ್ 99 ಶೇಕಡಕ್ಕೂ ಹೆಚ್ಚು ಧೂಳು ಹಿಡಿಯುತ್ತದೆ, ಎಂಜಿನ್ ನಿಧಾನವಿದ್ದರೂ ಜೋರಾಗಿದ್ದರೂ ಹಿಡಿಯುತ್ತದೆ. ಕಡವಿನಲ್ಲಿ ಧೂಳು ಏಳುವುದೇ ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಎಂಬುದನ್ನು ನೆನಪಿಡಿ.

ಅಡಿಕೆ ತೋಟದ ಪಂಪ್‌ಸೆಟ್ಟುಗಳಿಂದಾಗಿ ಆಯಿಲ್ ಬಾತ್, ಅಂದರೆ ತಳದಲ್ಲಿ ಎಣ್ಣೆಯ ಬಟ್ಟಲಿರುವ ಫಿಲ್ಟರ್, ಎಲ್ಲರಿಗೂ ಪರಿಚಿತ. ಅಗ್ಗ, ತೊಳೆದು ಮತ್ತೆ ಬಳಸಬಹುದು, ಮಳೆಗಾಲದ ಥಂಡಿಗೆ ಹೆದರುವುದಿಲ್ಲ. ಆದರೆ ಅದರಲ್ಲಿ ಗಾಳಿ ಎಣ್ಣೆಗೆ ಬಡಿದು ತಿರುಗುವ ರಭಸದಿಂದಲೇ ಧೂಳು ಬೇರೆಯಾಗುವುದು. ಎಂಜಿನ್ ನಿಧಾನವಾದರೆ ರಭಸ ಇಳಿಯುತ್ತದೆ, ಧೂಳು ದಾಟಿ ಹೋಗುತ್ತದೆ. ಜತೆಗೆ ಅದು ಮಟ್ಟಸವಾಗಿ ನಿಂತಿರಬೇಕು. ಒಂದು ಬದಿಯಿಂದ ಬಸ್ಸು ಹತ್ತಿದಾಗ ಲಾಂಚ್ ವಾಲುವುದನ್ನು ಕಂಡವರಿಗೆ ಇದರ ತೊಂದರೆ ಬಿಡಿಸಿ ಹೇಳಬೇಕಿಲ್ಲ. ಒಂದು, ಎರಡು ಸಿಲಿಂಡರಿನ ನಿಧಾನಗತಿಯ ಸಣ್ಣ ದೋಣಿಗೆ ಆದೀತು, ಟರ್ಬೊ ಎಂಜಿನ್ನಿಗೆ ಬೇಡ.

ಎಣ್ಣೆ ಸವರಿದ ಹತ್ತಿಬಟ್ಟೆಯ ಎಲಿಮೆಂಟನ್ನು ತೊಳೆದು ಬಳಸಬಹುದು ಎಂದು ಕೊಳ್ಳುವವರಿದ್ದಾರೆ. ಆರಿದ್ರಾ ಮಳೆಯಲ್ಲಿ ಅದನ್ನು ತೊಳೆದರೆ ಎಂದು ಒಣಗೀತು? ಎರಡು ಸೆಟ್ ಇಟ್ಟುಕೊಳ್ಳುವವರು ಮಾತ್ರ ಅದನ್ನು ಯೋಚಿಸಲಿ. ಫೋಮ್ ಸೈಲೆನ್ಸರಿನ ಸಮಸ್ಯೆ ಬೇರೆ: ಮಲೆನಾಡಿನ ಥಂಡಿಯಲ್ಲಿ ಫೋಮ್ ವರ್ಷಗಳು ಕಳೆದಂತೆ ಅಂಟಂಟಾಗಿ ಪುಡಿಯಾಗುತ್ತದೆ. ಆ ಚೂರುಗಳು ಹೋಗಿ ಸೇರುವುದು ಟರ್ಬೊಗೆ. ಬೆರಳಿನಿಂದ ಒತ್ತಿ ನೋಡಿ. ಪುಟಿದು ಹಿಂದೆ ಬರಬೇಕು. ಕೈಗೆ ಹುಡಿ ಹತ್ತಿದರೆ ಅಂದೇ ಬದಲಿಸಿ.

ಅಂಗಡಿಯಲ್ಲಿ

ಶಿವಮೊಗ್ಗದಲ್ಲೋ ಸಾಗರದಲ್ಲೋ ಬಿಡಿಭಾಗದ ಅಂಗಡಿಗೆ ಹೋಗುವಾಗ ಹಳೆಯ ಎಲಿಮೆಂಟನ್ನೂ ಅದರ ಪಾರ್ಟ್ ನಂಬರನ್ನೂ ಒಯ್ಯಿರಿ. ಉದ್ದ, ಹೊರವ್ಯಾಸ, ಒಳವ್ಯಾಸ ಮೂರೂ ಕೂಡಿಬರಬೇಕು. 3 ಮಿ.ಮೀ. ಗಿಡ್ಡವಾದರೂ ಮುಚ್ಚಳ ಬಿಗಿದಾಗ ಸಂದು ಮುಚ್ಚುವ ರಬ್ಬರ್ ಉಂಗುರ, ಅಂದರೆ ಗ್ಯಾಸ್ಕೆಟ್, ಒತ್ತುವುದಿಲ್ಲ. ಮಡಿಕೆಗಳು ಸಮನಾಗಿ ಹಂಚಿಕೊಂಡಿರಬೇಕು, ಒಂದು ಕಡೆ ಗುಂಪುಗೂಡಿ ಇನ್ನೊಂದು ಕಡೆ ಬಾಯಿ ಬಿಟ್ಟಿರಬಾರದು. ಎರಡೂ ತುದಿಯ ಅಂಟಿನಲ್ಲಿ ಗುಳ್ಳೆ, ಸಂದು ಇರಬಾರದು. ಒಳಗೆ ಟಾರ್ಚ್ ಹಾಕಿ ಕತ್ತಲಲ್ಲಿ ಸುತ್ತ ತಿರುಗಿಸಿ. ಕಾಗದದ ಮೂಲಕ ಮಂದ ಬೆಳಕು ಬರುವುದು ಸರಿ, ಸೂಜಿಮೊನೆಯಂಥ ಚುಕ್ಕೆ ಕಂಡರೆ ವಾಪಸು ಕೊಡಿ.

ಗ್ಯಾಸ್ಕೆಟ್ ಕೂರುತ್ತದೋ ಎಂದು ನೋಡಲು ಸೀಮೆಸುಣ್ಣ ಸಾಕು. ಮೊದಲ ಸಲ ಕೂರಿಸುವಾಗ ಡಬ್ಬದ ಒಳಗೆ ಗ್ಯಾಸ್ಕೆಟ್ ತಾಗುವ ಅಂಚಿಗೆ ತೆಳುವಾಗಿ ಸೀಮೆಸುಣ್ಣ ಉಜ್ಜಿ, ಎಲಿಮೆಂಟ್ ಹಾಕಿ ಬಿಗಿದು, ಬಿಚ್ಚಿ. ರಬ್ಬರಿನ ಮೇಲೆ ಬಿಳಿ ಉಂಗುರ ಎಲ್ಲೂ ತುಂಡಾಗದೆ ಮೂಡಿರಬೇಕು. ತುಂಡಾದಲ್ಲಿ ಡಬ್ಬ ಜಜ್ಜಿದೆ ಅಥವಾ ಎಲಿಮೆಂಟ್ ತಪ್ಪಿದೆ. ಪರೀಕ್ಷೆ ಮುಗಿದ ಮೇಲೆ ಸುಣ್ಣವನ್ನು ಒದ್ದೆ ಬಟ್ಟೆಯಲ್ಲಿ ಪೂರ್ತಿ ಒರೆಸಿ.

ಕೂರಿಸುವ ಜಾಗ

ಎಂಜಿನ್ ರೂಮಿನ ಒಳಗಿನ ಬಿಸಿ ಗಾಳಿಗಿಂತ ಹೊರಗಿನ ತಂಪು ಗಾಳಿ ಮೇಲು. ಗಾಳಿಬಾಯಿಯನ್ನು ಡೆಕ್ಕಿನ ಮೇಲೆ, ವಾಹನ ಹತ್ತುವ ರ‍್ಯಾಂಪಿನಿಂದ ದೂರದ ಬದಿಗೆ, ಎತ್ತರದಲ್ಲಿ ತನ್ನಿ. ಹೊಗೆ ಕೊಳವೆ ಇರುವ ಬದಿ ಬೇಡ. ಮೇಲೆ ಮಳೆ ಟೊಪ್ಪಿ ಇರಲಿ. ಪೈಪು ಒಮ್ಮೆ ತಗ್ಗಿಗೆ ಇಳಿದು ಮತ್ತೆ ಮೇಲಕ್ಕೆ ಹತ್ತಿ ಫಿಲ್ಟರ್ ಸೇರಲಿ, ತಗ್ಗಿನಲ್ಲಿ ನೀರು ಬಸಿಯಲು ಸಣ್ಣ ತೂತು ಇರಲಿ. ಈ ತೂತು ಫಿಲ್ಟರಿಗೆ ಮುಂಚೆ ಇರಬೇಕು. ಫಿಲ್ಟರಿಂದ ಎಂಜಿನ್ನಿನ ಕಡೆಯ ಪೈಪಿನಲ್ಲಿ ಎಂಥ ತೂತೂ ಕೂಡದು. ಡಬ್ಬದಡಿಯ ರಬ್ಬರ್ ಬಾಯಿ, ಒತ್ತಿದರೆ ಧೂಳು ಉದುರಿಸುವ ಆ ತುಟಿ, ನೇರ ಕೆಳಮುಖವಾಗಿರಲಿ. ಅದು ಹರಿದರೆ ಅಥವಾ ಕುಂಬಾರ ಹುಳ ಅದರೊಳಗೆ ಮಣ್ಣಿನ ಗೂಡು ಕಟ್ಟಿದರೆ ಕೆಳಗಿಳಿದ ಧೂಳು ಹೊರಗೆ ಬೀಳದೆ ಮತ್ತೆ ಎದ್ದು ಕಾಗದಕ್ಕೆ ಅಂಟುತ್ತದೆ. ಬೇಸಿಗೆಯಲ್ಲಿ ಅದನ್ನು ದಿನವೂ ಬೆರಳಿನಲ್ಲಿ ಹಿಸುಕಿ ನೋಡಿ.

ಎಂಜಿನ್ ರೂಮಿನಿಂದಲೇ ಗಾಳಿ ಎಳೆಯುವ ಎಂಜಿನ್ನಾದರೆ ರೂಮಿಗೆ ಗಾಳಿ ಬರುವ ಕಿಂಡಿ ಸಾಕಷ್ಟಿರಬೇಕು. ಪೂರ್ತಿ ವೇಗದಲ್ಲಿ ಹೋಗುವಾಗ ರೂಮಿನ ಬಾಗಿಲು ತೆರೆದರೆ ಹೊಗೆ ಕಡಿಮೆಯಾಗಿ ಆರ್‌ಪಿಎಂ ಏರಿತೇ? ಹಾಗಿದ್ದರೆ ಫಿಲ್ಟರನ್ನು ದೂರಬೇಡಿ, ಕಿಂಡಿ ಚಿಕ್ಕದಿದೆ.

ಅಳತೆ: ನೀರಿನ ಕೊಳವೆ

ಫಿಲ್ಟರ್ ಕೆಂಪಗಾಗಿದೆ ಎಂದು ಬಿಚ್ಚುವುದು ಎಲ್ಲರೂ ಮಾಡುವ ತಪ್ಪು. ಸ್ವಲ್ಪ ಧೂಳು ಹಿಡಿದ ಕಾಗದ ಹೊಚ್ಚ ಹೊಸದಕ್ಕಿಂತ ಚೆನ್ನಾಗಿ ಸೋಸುತ್ತದೆ. ಮೇಲಿನ ಧೂಳಿನ ಪದರವೂ ಜರಡಿಯಾಗುತ್ತದೆ. ಬಿಚ್ಚಿದಾಗಲೆಲ್ಲ ಒಂದಿಷ್ಟು ಧೂಳು ಒಳಬದಿಗೆ ಉದುರುವ ಅಪಾಯವೂ ಇದೆ. ಬಿಚ್ಚುವ ಹೊತ್ತನ್ನು ಹೇಳುವುದು ಎಳೆತ, ಅಂದರೆ ಫಿಲ್ಟರಿನ ಮೂಲಕ ಗಾಳಿ ಹೀರಲು ಎಂಜಿನ್ ಹಾಕಬೇಕಾದ ಬಲ. ಡಬ್ಬದ ಮೇಲೆ ಕೆಂಪು ಪಟ್ಟಿ ಏರುವ ಇಂಡಿಕೇಟರ್ ಇದ್ದರೆ ಒಳ್ಳೆಯದು, ಆದರೆ ಥಂಡಿಗೆ ಅದು ಸಿಕ್ಕಿಹಾಕಿಕೊಳ್ಳುವುದುಂಟು. ನೀರಿನ ಕೊಳವೆಗೆ ಆ ಕಾಯಿಲೆಯಿಲ್ಲ.

6ರಿಂದ 8 ಮಿ.ಮೀ. ಒಳವ್ಯಾಸದ ಪಾರದರ್ಶಕ ಪ್ಲಾಸ್ಟಿಕ್ ಕೊಳವೆ 4 ಮೀಟರ್ ತನ್ನಿ. 1 ಮೀಟರ್ ಉದ್ದದ ಹಲಗೆಗೆ ಅದನ್ನು ಇಂಗ್ಲಿಷಿನ ಯು ಅಕ್ಷರದಂತೆ ಬಗ್ಗಿಸಿ ಕಟ್ಟಿ, ಪಕ್ಕದಲ್ಲಿ ಅಳತೆಪಟ್ಟಿ ಅಂಟಿಸಿ. ಎರಡೂ ಕಾಲಿನಲ್ಲಿ 40 ಸೆಂ.ಮೀ. ನಿಲ್ಲುವಷ್ಟು ನೀರು ಹುಯ್ದು, ಕಾಣಲು ಒಂದು ಹನಿ ಶಾಯಿ ಬೆರೆಸಿ. ಒಂದು ತುದಿಯನ್ನು ಫಿಲ್ಟರಿಗೂ ಎಂಜಿನ್ನಿಗೂ ನಡುವೆ ಇಂಡಿಕೇಟರ್ ಕೂರುವ ತೂತಿಗೆ ಜೋಡಿಸಿ, ಇನ್ನೊಂದು ತೆರೆದಿರಲಿ. ಹಲಗೆ ನೆಟ್ಟಗೆ ನಿಲ್ಲಬೇಕು. ಎಂಜಿನ್ ಓಡಿದಾಗ ಒಂದು ಕಾಲಿನ ನೀರು ಏರಿ ಇನ್ನೊಂದರದು ಇಳಿಯುತ್ತದೆ. ಎರಡರ ನಡುವಿನ ಪೂರ್ತಿ ವ್ಯತ್ಯಾಸವೇ ಎಳೆತ. ಒಂದೇ ಕಾಲಿನ ಏರಿಕೆಯನ್ನು ಬರೆದುಕೊಂಡರೆ ಲೆಕ್ಕ ಅರ್ಧವಾಗುತ್ತದೆ. ನೀರು ಕುಣಿಯುತ್ತಿದ್ದರೆ ಕೊಳವೆಯನ್ನು ಕ್ಲಿಪ್ಪಿನಿಂದ ತುಸು ಅದುಮಿ.

ಟರ್ಬೊ ಇಲ್ಲದ ಎಂಜಿನ್ನನ್ನು ದಡದಲ್ಲೇ ಪೂರ್ತಿ ಆರ್‌ಪಿಎಂಗೆ ಏರಿಸಿ ಅಳೆಯಬಹುದು, ಅದು ಎಳೆಯುವ ಗಾಳಿ ವೇಗವನ್ನಷ್ಟೇ ಅವಲಂಬಿಸಿದೆ. ಟರ್ಬೊ ಎಂಜಿನ್ನನ್ನು ನ್ಯೂಟ್ರಲ್‌ನಲ್ಲಿ ಅಳೆದರೆ ಸುಳ್ಳು ಲೆಕ್ಕ ಸಿಗುತ್ತದೆ. ಭಾರ ಹೊತ್ತು, ಪೂರ್ತಿ ಥ್ರಾಟಲ್ ಕೊಟ್ಟು, ನಡು ಹಿನ್ನೀರಿನಲ್ಲಿ ಹೋಗುತ್ತಿರುವಾಗಲೇ ನೋಡಬೇಕು.

ಹೊಸ ಎಲಿಮೆಂಟ್ ಹಾಕಿದ ದಿನ ಪೈಪೂ ಸೇರಿ 25 ಸೆಂ.ಮೀ. ಒಳಗಿರಬೇಕು. ಟರ್ಬೊ ಇರುವ ಎಂಜಿನ್ನಿಗೆ ಸಾಮಾನ್ಯ ಮಿತಿ 25 ಇಂಚು, ಅಂದರೆ 63 ಸೆಂ.ಮೀ. ನೀರು. ಟರ್ಬೊ ಇಲ್ಲದ್ದಕ್ಕೆ 20 ಇಂಚು, 50 ಸೆಂ.ಮೀ. ಕಡಿಮೆ ಮಿತಿ ಹೇಳುವ ಎಂಜಿನ್ನುಗಳೂ ಇವೆ, ನಿಮ್ಮ ಎಂಜಿನ್ ಪುಸ್ತಕದ ಅಂಕಿಯೇ ಕೊನೆಯ ಮಾತು. ಮೊದಲ ದಿನದ ಅಳತೆ, ತಾರೀಖು, ಗಂಟೆ ಮೀಟರಿನ ಅಂಕಿಯನ್ನು ಡಬ್ಬದ ಮೇಲೆಯೇ ಅಳಿಸದ ಶಾಯಿಯಲ್ಲಿ ಬರೆದಿಡಿ.

ಅಳತೆ ಏರುವುದಷ್ಟೇ ಅಲ್ಲ, ಇಳಿಯುವುದೂ ಸುದ್ದಿಯೇ. ಧೂಳಿನ ಕಾಲದಲ್ಲಿ ವಾರಗಳು ಕಳೆದರೂ ಏರದೆ ನಿಂತರೆ, ಅಥವಾ ಇದ್ದಕ್ಕಿದ್ದಂತೆ ಇಳಿದರೆ, ಗಾಳಿ ಫಿಲ್ಟರನ್ನು ತಪ್ಪಿಸಿಕೊಂಡು ಬೇರೆ ದಾರಿ ಹಿಡಿದಿದೆ ಎಂದೇ ತಿಳಿಯಿರಿ. ಕಟ್ಟಿದ ಫಿಲ್ಟರ್ ಎಂಜಿನ್ನನ್ನು ಸೊರಗಿಸುತ್ತದೆ, ಸೋರುವ ಫಿಲ್ಟರ್ ಕೊಲ್ಲುತ್ತದೆ. ಕೂದಲಿಗಿಂತ ಎಷ್ಟೋ ಸಣ್ಣದಾದ 10–20 ಮೈಕ್ರಾನಿನ ಕಣ ಪಿಸ್ಟನ್ನಿನ ರಿಂಗಿಗೂ ಸಿಲಿಂಡರಿನ ಒಳಗೋಡೆಯಾದ ಲೈನರಿಗೂ ನಡುವಿನ ಎಣ್ಣೆಯ ಪದರದಲ್ಲಿ ಸಿಕ್ಕಿ ಎರಡನ್ನೂ ಉಜ್ಜುತ್ತದೆ. ಕಂಪ್ರೆಷನ್ ಇಳಿಯುತ್ತದೆ, ಎಂಜಿನ್ನಿನೊಳಗಿನ ಆವಿ ಹೊರಹೋಗುವ ಬ್ರೀದರ್ ಕೊಳವೆಯಿಂದ ಹೊಗೆ ಹೆಚ್ಚುತ್ತದೆ, ಎಂಜಿನ್ನು ಎಣ್ಣೆ ತಿನ್ನುತ್ತದೆ. ಅಷ್ಟರಲ್ಲಿ ಸಿಲಿಂಡರ್ ಬಿಚ್ಚಿ ಮಾಡಿಸುವ ಬೋರ್ ಕೆಲಸ ಬಂದಾಗಿರುತ್ತದೆ.

ಬಿಚ್ಚುವ ದಿನ

ಎಂಜಿನ್ ನಿಲ್ಲಿಸಿ ಕೀಲಿಯನ್ನು ಜೇಬಿಗೆ ಹಾಕಿಕೊಳ್ಳಿ. ಡಬ್ಬದ ಹೊರಗಿನ ಧೂಳನ್ನು ಒದ್ದೆ ಬಟ್ಟೆಯಿಂದ ಮೊದಲು ಒರೆಸಿ, ಆಮೇಲೆ ಮುಚ್ಚಳ ತೆಗೆಯಿರಿ. ಎಲಿಮೆಂಟನ್ನು ಜಗ್ಗಬೇಡಿ. ಮೆಲ್ಲನೆ ಅತ್ತಿತ್ತ ಅಲುಗಿಸಿ, ರಬ್ಬರಿನ ಹಿಡಿತ ಬಿಟ್ಟ ಮೇಲೆ ನೇರ ಹೊರಗೆ ಎಳೆಯಿರಿ. ತೆಗೆದ ತಕ್ಷಣ ನೋಡಬೇಕಾದ್ದು ಕಾಗದವನ್ನಲ್ಲ, ಗ್ಯಾಸ್ಕೆಟ್ ಕೂತಿದ್ದ ಅಂಚನ್ನು. ಅಂಚಿನ ಒಳಬದಿಗೆ ಕೆಂಪು ಗೆರೆಯೊಂದು ಹರಿದಿದ್ದರೆ ಧೂಳು ಅಲ್ಲಿಂದ ದಾಟಿದೆ. ಬಿಳಿ ಬಟ್ಟೆಯನ್ನು ಬೆರಳಿಗೆ ಸುತ್ತಿ ಎಂಜಿನ್ ಕಡೆಯ ಪೈಪಿನೊಳಗೆ ಒರೆಸಿ. ಬಟ್ಟೆ ಬಿಳಿಯಾಗಿಯೇ ಬಂದರೆ ನಿಮ್ಮ ಫಿಲ್ಟರ್ ಕೆಲಸ ಮಾಡುತ್ತಿದೆ.

ಕೆಂಪು ಹತ್ತಿದರೆ ಕಾರಣ ಹುಡುಕದೆ ಮುಚ್ಚಳ ಹಾಕಬೇಡಿ. ಹುಡುಕುವ ಜಾಗಗಳು ಕೆಲವೇ: ರಬ್ಬರ್ ಹೋಸಿನ ಮಡಿಕೆಯ ಅಡಿಭಾಗದ ಬಿರುಕು, ಸಡಿಲವಾದ ಕ್ಲಿಪ್, ಎಲಿಮೆಂಟ್ ಬಿಗಿಯುವ ವಿಂಗ್ ನಟ್ಟಿನ ಅಡಿಯಲ್ಲಿ ಕಳೆದುಹೋದ ರಬ್ಬರ್ ವಾಷರ್, ಇಂಡಿಕೇಟರ್ ಬಿಚ್ಚಿ ಮುಚ್ಚದೆ ಬಿಟ್ಟ ತೂತು. ಆ ವಾಷರ್ ಕೆಲವೇ ರೂಪಾಯಿಯದು, ಅದಿಲ್ಲದಿದ್ದರೆ ಎಲಿಮೆಂಟಿನ ನಡುವೆಯೇ ನೇರ ದಾರಿ ತೆರೆದಂತೆ. ಸೋರುವ ಕೀಲು ಯಾವುದೆಂದು ತಿಳಿಯದಿದ್ದರೆ ಪೈಪನ್ನು ಸ್ವಚ್ಛ ಒರೆಸಿ, ಪ್ರತಿ ಕೀಲಿನ ಒಳಬದಿಗೆ ತೆಳುವಾಗಿ ಗ್ರೀಸ್ ಸವರಿ ಎರಡು ದಿನ ಓಡಿಸಿ. ಯಾವ ಕೀಲಿನ ಗ್ರೀಸಿಗೆ ಧೂಳು ಅಂಟಿದೆಯೋ ಸೋರಿಕೆ ಅದರಲ್ಲಿದೆ.

ಪೇಪರ್ ಎಲಿಮೆಂಟನ್ನು ಊದಿ ಬಳಸಬಹುದೇ? ಹೊಸದು ಹಾಕುವುದೇ ಸರಿ. ತುರ್ತಿಗೆ ಊದಲೇಬೇಕೆಂದರೆ ಗಾಳಿ 2 ಬಾರ್, ಅಂದರೆ 30 ಪಿಎಸ್ಐ ಮೀರದಿರಲಿ, ನಳಿಗೆ ಕಾಗದದಿಂದ ನಾಲ್ಕು ಬೆರಳು ದೂರವಿರಲಿ, ಒಳಗಿನಿಂದ ಹೊರಗೆ ಮಾತ್ರ ಊದಿ. ಟೈರ್ ಅಂಗಡಿಯ ಕಂಪ್ರೆಸರಿನ 8 ಬಾರ್ ಗಾಳಿಯನ್ನು ನೇರ ಹಿಡಿದರೆ ಕಾಗದದಲ್ಲಿ ಕಣ್ಣಿಗೆ ಕಾಣದ ಸೀಳು ಬೀಳುತ್ತದೆ. ಎಲಿಮೆಂಟನ್ನು ಡೆಕ್ಕಿಗೆ ಕುಟ್ಟಿ ಧೂಳು ಉದುರಿಸಬೇಡಿ, ತುದಿಯ ತಗಡು ಸೊಟ್ಟಗಾದರೆ ಗ್ಯಾಸ್ಕೆಟ್ ಮತ್ತೆ ಕೂರುವುದಿಲ್ಲ. ಊದಿದ ಮೇಲೆ ಟಾರ್ಚ್ ಪರೀಕ್ಷೆ ತಪ್ಪಿಸಬೇಡಿ. ಒಳಗಿನ ಕಾವಲು ಎಲಿಮೆಂಟನ್ನು ಊದುವಂತಿಲ್ಲ, ತೊಳೆಯುವಂತಿಲ್ಲ. ಹೊರಗಿನದನ್ನು ಮೂರು ಸಲ ಬದಲಿಸಿದಾಗ ಇದನ್ನೊಮ್ಮೆ ಬದಲಿಸಿ. ಅದರ ಮೇಲೆ ಧೂಳು ಕಂಡರೆ ಹೊರಗಿನದು ಹರಿದಿದೆ ಅಥವಾ ಅದರ ಗ್ಯಾಸ್ಕೆಟ್ ಸೋರುತ್ತಿದೆ ಎಂದೇ ಅರ್ಥ.

ಒದ್ದೆಯಾದ ಪೇಪರ್ ಎಲಿಮೆಂಟನ್ನು ಬಿಸಿಲಿಗಿಟ್ಟು ಉಳಿಸಲು ನೋಡಬೇಡಿ. ಧೂಳು ನೀರು ಕೂಡಿ ಕೆಸರಾಗಿ, ಒಣಗಿದಾಗ ಮಡಿಕೆಗಳ ನಡುವೆ ಗೋಡೆ ಕಟ್ಟಿರುತ್ತದೆ. ಎಸೆಯಿರಿ.

ಎಲಿಮೆಂಟಿಗೆ ಕೆಂಪಿನ ಬದಲು ಕಪ್ಪು ಹತ್ತಿದ್ದರೆ ತಪ್ಪು ಫಿಲ್ಟರಿನದಲ್ಲ. ಒಣ ಮಸಿಯಾದರೆ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಸೋರುತ್ತಿದೆ. ಅತಿ ನುಣುಪಾದ ಆ ಮಸಿ ಕಾಗದವನ್ನು ಧೂಳಿಗಿಂತ ಬೇಗ ಕಟ್ಟುತ್ತದೆ. ಜಿಡ್ಡು ಜಿಡ್ಡಾಗಿದ್ದರೆ ಬ್ರೀದರಿನ ಎಣ್ಣೆ ಮಂಜು: ಬ್ರೀದರ್ ಬಾಯನ್ನು ಫಿಲ್ಟರಿನಿಂದ ದೂರ ತಿರುಗಿಸಿ, ಎಣ್ಣೆ ಹಿಡಿಯುವ ಡಬ್ಬ ಹಾಕಿ.

ಫೋಮ್ ಎಲಿಮೆಂಟನ್ನು 250 ಗಂಟೆಗೊಮ್ಮೆ ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪಿನಲ್ಲಿ ಅದುಮಿ ತೊಳೆಯಿರಿ, ಹಿಂಡಿ ತಿರುಚಬೇಡಿ. ಪೆಟ್ರೋಲ್ ಬೇಡ. ನೆರಳಲ್ಲಿ ಒಣಗಿಸಿ, ಒಲೆಯ ಮೇಲಿನ ಅಟ್ಟಕ್ಕೆ ಹಾಕಿದರೆ ಮಸಿ ಹಿಡಿಯುತ್ತದೆ. ಪುಸ್ತಕ ಎಣ್ಣೆ ಹಾಕಲು ಹೇಳಿದ್ದರೆ ಮಾತ್ರ ಎಂಜಿನ್ ಆಯಿಲ್ ಹಾಕಿ, ಹಳೆಯ ದಿನಪತ್ರಿಕೆಯಲ್ಲಿ ಸುತ್ತಿ ಒತ್ತಿ, ಹನಿ ಬೀಳದಷ್ಟಕ್ಕೆ ತನ್ನಿ.

ಆಯಿಲ್ ಬಾತ್ ಮತ್ತು ಹತೋಟಿ ತಪ್ಪುವ ಎಂಜಿನ್

ಆಯಿಲ್ ಬಾತ್ ಇರುವವರು ಇದನ್ನು ಎರಡು ಸಲ ಓದಿ. ಬಟ್ಟಲಿನ ಗೆರೆಗಿಂತ ಮೇಲೆ ಎಣ್ಣೆ ಹಾಕಿದರೆ ಎಂಜಿನ್ ಗಾಳಿಯ ಜತೆ ಎಣ್ಣೆಯನ್ನೂ ಎಳೆಯುತ್ತದೆ. ಡೀಸೆಲ್ ಎಂಜಿನ್ನಿಗೆ ಆ ಎಣ್ಣೆಯೇ ಇಂಧನ. ಆರ್‌ಪಿಎಂ ತಾನಾಗಿ ಏರುತ್ತದೆ, ಏರಿದಷ್ಟೂ ಹೆಚ್ಚು ಎಳೆಯುತ್ತದೆ. ಡೀಸೆಲ್ ಕಟ್ ಮಾಡಿದರೂ ನಿಲ್ಲುವುದಿಲ್ಲ. ಟರ್ಬೊದ ಸೀಲ್ ಹೋದಾಗಲೂ ಹೀಗೇ. ನಿಲ್ಲಿಸಲು ಇರುವ ದಾರಿ ಗಾಳಿ ಮುಚ್ಚುವುದು. ಗಾಳಿಬಾಯಿಯ ಅಳತೆಗಿಂತ ಎಲ್ಲ ಕಡೆ 5 ಸೆಂ.ಮೀ. ದೊಡ್ಡದಾದ ಗಟ್ಟಿ ಹಲಗೆಗೆ ರಬ್ಬರ್ ಹಾಳೆ ಬಡಿದು, ಹಿಡಿ ಕೂರಿಸಿ, ಎಂಜಿನ್ನಿನ ಪಕ್ಕ ಕೈಗೆ ಸಿಗುವಂತೆ ನೇತುಹಾಕಿ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರನ್ನು ಗಾಳಿಬಾಯಿಗೆ ಹಿಡಿದರೂ ನಿಲ್ಲುತ್ತದೆ. ಕೈ ಅಡ್ಡ ಹಿಡಿಯಬೇಡಿ, ಬಟ್ಟೆ ತುರುಕಬೇಡಿ.

ಎಣ್ಣೆಯ ಮಟ್ಟವನ್ನು ಲಾಂಚ್ ಖಾಲಿಯಿದ್ದು ಮಟ್ಟಸವಾಗಿ ತೇಲುತ್ತಿರುವಾಗಲೇ ನೋಡಿ. ಎಂಜಿನ್ನಿಗೆ ಹಾಕುವ ಗ್ರೇಡಿನ ಹೊಸ ಎಣ್ಣೆಯೇ ಆಗಲಿ. ಸುಟ್ಟ ಎಣ್ಣೆಯಲ್ಲಿ ಮಸಿ ಮೊದಲೇ ತುಂಬಿರುವುದರಿಂದ ಅದಕ್ಕೆ ಧೂಳು ಹಿಡಿಯುವ ಶಕ್ತಿ ಕಡಿಮೆ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಬಟ್ಟಲು ಇಳಿಸಿ, ತಳದ ಕೆಸರು 1 ಸೆಂ.ಮೀ. ಆದರೆ ಬದಲಿಸಿ. ಮಳೆಗಾಲದಲ್ಲಿ ಎಣ್ಣೆ ಹಾಲು ಬೆರೆಸಿದಂತೆ ಕಂಡರೆ ನೀರು ಸೇರಿದೆ. ನೀರು ಸೇರಿದಷ್ಟೂ ಮಟ್ಟ ಗೆರೆ ದಾಟುತ್ತದೆ, ಅಪಾಯ ಅದೇ.

ಕಾಲಕ್ಕೆ ತಕ್ಕಂತೆ

ಮಳೆಗಾಲಕ್ಕೆ ಮುಂಚೆ, ಮೇ ಕೊನೆಯ ವಾರದಲ್ಲಿ, ಬೇಸಿಗೆಯ ಧೂಳು ತಿಂದ ಎಲಿಮೆಂಟನ್ನು ತೆಗೆದುಬಿಡಿ. ಅಳತೆ ಮಿತಿಯೊಳಗಿದ್ದರೂ ತೆಗೆಯಿರಿ, ಧೂಳು ತುಂಬಿದ ಕಾಗದ ಥಂಡಿ ಹೀರಿ ದಿನವೊಪ್ಪತ್ತಿನಲ್ಲಿ ಕಟ್ಟುತ್ತದೆ. ಮಳೆಗಾಲದಲ್ಲಿ ಧೂಳಿನ ಕೆಲಸ ಕಡಿಮೆ, ಪ್ರತಿದಿನ ಬಸಿ ತೂತು ಕಟ್ಟಿಲ್ಲವೇ ಎಂದು ಕಡ್ಡಿಯಿಂದ ನೋಡಿದರೆ ಸಾಕು. ದಸರಾ ಕಳೆದ ಮೇಲೆ ಹೋಸ್, ಕ್ಲಿಪ್ಪುಗಳನ್ನು ಒಂದೊಂದಾಗಿ ನೋಡಿ, ತುಕ್ಕು ಹಿಡಿದ ಕ್ಲಿಪ್ಪುಗಳನ್ನು ಸ್ಟೇನ್‌ಲೆಸ್‌ನವಕ್ಕೆ ಬದಲಿಸಿ. ಜನವರಿಯಿಂದ ವಾರಕ್ಕೊಮ್ಮೆ ನೀರಿನ ಕೊಳವೆಯ ಅಳತೆ.

ಬಿಡಿ ಎಲಿಮೆಂಟುಗಳನ್ನು ಲಾಂಚಿನ ಪೆಟ್ಟಿಗೆಯಲ್ಲಿ ಇಡಬೇಡಿ, ಒಂದೇ ಮಳೆಗಾಲಕ್ಕೆ ಕಾಗದ ಬೂಷ್ಟು ಹಿಡಿಯುತ್ತದೆ. ಎರಡು ಪದರ ಪ್ಲಾಸ್ಟಿಕ್ಕಿನಲ್ಲಿ ಗಾಳಿಯಾಡದಂತೆ ಕಟ್ಟಿ, ದಡದ ಮೇಲೆ ಒಣ ಕೋಣೆಯಲ್ಲಿ, ಇಲಿಗೆ ನಿಲುಕದಂತೆ ತೂಗುಹಾಕಿ.

ನೀರು ತೀರಾ ಇಳಿದು ಲಾಂಚ್ ವಾರಗಟ್ಟಲೆ ನಿಲ್ಲುವುದಾದರೆ ಗಾಳಿಬಾಯಿಗೂ ಹೊಗೆ ಕೊಳವೆಗೂ ಮುಚ್ಚಳ ಹಾಕಿ ಟೇಪು ಸುತ್ತಿ, ಇಲ್ಲವಾದರೆ ಕಡಜವೂ ಇಲಿಯೂ ಒಳಗೆ ಮನೆ ಮಾಡುತ್ತವೆ. ಮುಚ್ಚಿದ್ದು ಮರೆಯದಂತೆ ಸ್ಟಾರ್ಟರ್ ಕೀಲಿಗೆ ಕೆಂಪು ಬಟ್ಟೆಯ ಪಟ್ಟಿ ಕಟ್ಟಿ. ಮತ್ತೆ ಹೊರಡುವ ದಿನ ಮುಚ್ಚಳ ತೆಗೆದು, ಎಲಿಮೆಂಟ್ ಹೊರತೆಗೆದು, ಡಬ್ಬದೊಳಗೂ ಪೈಪಿನೊಳಗೂ ಟಾರ್ಚ್ ಹಾಕಿ ನೋಡಿ, ಎಲಿಮೆಂಟ್ ಮತ್ತೆ ಕೂರಿಸಿ ಬಿಗಿದ ಮೇಲೆ ಆ ಕೆಂಪು ಪಟ್ಟಿ ಬಿಚ್ಚಿ.